ಎರಡು ಶಾಲೆ ಕಂಡ ಪಿಸಿಲಾ

ಟೊಂಗಾದ ಉಇಹಾ ದ್ವೀಪದಲ್ಲಿ ಪಿಸಿಲಾ ಟೀಚರ ಮನೆ ಯಾವುದೆಂದು ಯಾರನ್ನು ಕೇಳಿದರೂ ತೋರಿಸುತ್ತಾರೆ. ಚರ್ಚು ದಾಟಿ ಮೂರನೆಯದು, ಮುಂದೆ ದೀವಿಹಲಸಿನ ಮರ. ಮೂವತ್ತೊಂದು ವರ್ಷ ಇದೇ ದ್ವೀಪದ ಚರ್ಚಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವರು. ಡಿಸೆಂಬರಿನಲ್ಲಿ ಆಕ್ಲೆಂಡಿನಿಂದ, ಸಿಡ್ನಿಯಿಂದ ಊರವರ ಮಕ್ಕಳು ಮೊಮ್ಮಕ್ಕಳು ಬಂದಿಳಿದಾಗ ಆ ಮರದ ಕೆಳಗೆ ಚಾಪೆ ಬೀಳುತ್ತದೆ. ಮಕ್ಕಳದ್ದು ಪ್ರತಿ ವರ್ಷವೂ ಒಂದೇ ಪ್ರಶ್ನೆ.

“ಟೀಚರ್, ನೀವು ಇಲ್ಲೂ ಓದಿದ್ರಿ, ಅಲ್ಲೂ ಓದಿದ್ರಿ. ಯಾವ ಸ್ಕೂಲು ಚೆನ್ನಾಗಿತ್ತು?”

“ಇಲ್ಲಿ ಬೆನ್ನು ನೋಯ್ತಿತ್ತು, ಅಲ್ಲಿ ತಲೆ ನೋಯ್ತಿತ್ತು. ನೋವಿಲ್ದೆ ಇರೋ ಸ್ಕೂಲು ನಾನಂತೂ ನೋಡ್ಲಿಲ್ಲ ಕಣ್ರೋ.”

ಮಕ್ಕಳು ನಗುತ್ತಾರೆ. ಆದರೆ ಅದು ನಗೆಗೆ ಹೇಳಿದ ಮಾತಲ್ಲ, ಅಳೆದು ಹೇಳಿದ ಮಾತು.

ಬೆನ್ನು ನೋಯಿಸಿದ ಶಾಲೆ ರಾಜಧಾನಿ ನುಕುಅಲೋಫಾದ್ದು, ಹುಡುಗಿಯರ ಹಾಸ್ಟೆಲ್ ಶಾಲೆ. ಪಿಸಿಲಾ ಹನ್ನೆರಡನೇ ವಯಸ್ಸಿಗೆ ಅಲ್ಲಿ ಸೇರಿದಳು. ಬೆಳಗ್ಗೆ ಐದಕ್ಕೆ ಗಂಟೆ. ಎದ್ದವಳೇ ಗರಿಕಡ್ಡಿ ಪೊರಕೆ ಹಿಡಿದು ಅಂಗಳ ಗುಡಿಸಬೇಕು; ಬಿದ್ದ ಎಲೆ ಒಂದು ಉಳಿದರೂ ಇನ್ನೊಂದು ಸುತ್ತು. ಜಡೆ ಎರಡೇ, ಬಿಗಿಯಾಗಿ, ಕೆಂಪು ರಿಬ್ಬನ್ನು ಕಟ್ಟಿ. ಕೆಂಪು ಸಮವಸ್ತ್ರದ ಮೇಲೆ ನಡುವಿಗೆ ನೇಯ್ದ ಪಟ್ಟಿ. ಬುಧವಾರ ಮತ್ತು ಶನಿವಾರ ಮರಗೆಣಸಿನ ತೋಟದಲ್ಲಿ ಕಳೆ ಕೀಳುವುದು, ಏಕೆಂದರೆ ತಾವು ತಿನ್ನುವುದನ್ನು ತಾವೇ ಬೆಳೆಯಬೇಕು. ತರಗತಿಯಲ್ಲಿ ಟೊಂಗನ್ ಮಾತಾಡಿ ಸಿಕ್ಕಿಬಿದ್ದರೆ ಕತ್ತಿ ಹಿಡಿದು ಮೈದಾನದ ಹುಲ್ಲು ಕೊಯ್ಯುವ ಶಿಕ್ಷೆ. ಪಾಠವೆಲ್ಲ ಬಾಯಿಪಾಠ. ಕಪ್ಪೆಯ ಹೃದಯಕ್ಕೆ ಎಷ್ಟು ಕೋಣೆ ಎಂದು ಇಂಗ್ಲಿಷಿನಲ್ಲಿ ಹಾಡಿನ ಹಾಗೆ ಹೇಳುತ್ತಿದ್ದಳು; ಕಪ್ಪೆಯನ್ನು ಮಾತ್ರ ಯಾರೂ ಕಂಡಿರಲಿಲ್ಲ, ಟೊಂಗಾದಲ್ಲಿ ಕಪ್ಪೆಯೇ ಇಲ್ಲ. ಆದರೂ ಸಂಜೆ ಅರವತ್ತು ಹುಡುಗಿಯರು ನಾಲ್ಕು ದನಿಗಳಲ್ಲಿ ಪ್ರಾರ್ಥನೆ ಹಾಡಿದಾಗ ದಿನದ ನೋವೆಲ್ಲ ಇಳಿಯುತ್ತಿತ್ತು.

ಆ ಕಾಲಕ್ಕೆ ಉಇಹಾದ ಹೈಸ್ಕೂಲಿನಲ್ಲಿ ವಿಜ್ಞಾನಕ್ಕೆ ಟೀಚರೇ ಇರಲಿಲ್ಲ. ಬಂದವರು ಒಂದು ವರ್ಷ ನಿಂತು ರಾಜಧಾನಿಗೆ ಓಡುತ್ತಿದ್ದರು. ಒಂದು ಭಾನುವಾರ ಚರ್ಚಿನ ಹಿರಿಯರು ಕೂತು ತೀರ್ಮಾನ ಮಾಡಿದರು: ಹೊರಗಿನವರನ್ನು ಕಾಯುವುದು ಸಾಕು, ನಮ್ಮ ಹುಡುಗಿಯನ್ನೇ ಓದಿಸೋಣ. ಅಂಕ ಚೆನ್ನಾಗಿದ್ದವಳು ಪಿಸಿಲಾ. ಅವಳ ಚಿಕ್ಕಮ್ಮ ಲೆಸಿಯೇಲಿ ಆಕ್ಲೆಂಡಿನ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸಕ್ಕಿದ್ದಳು. ಅಲ್ಲಿ ಒಂದು ವರ್ಷ ಓದಿ ಆ ದೇಶದ ದೊಡ್ಡ ಪರೀಕ್ಷೆಯಲ್ಲಿ ವಿಜ್ಞಾನ ಪಾಸಾದರೆ ಶಿಕ್ಷಕರ ತರಬೇತಿಗೆ ಸೀಟು ಸಿಗುತ್ತಿತ್ತು. ಪಾಸಾಗದಿದ್ದರೆ ಇಲ್ಲ. ಎಪ್ಪತ್ತೈದನೇ ಇಸವಿಯ ಜನವರಿಯಲ್ಲಿ ಹದಿನೈದು ವರ್ಷದ ಪಿಸಿಲಾ ಹಡಗು ಹತ್ತಿದಳು. ದಡದಲ್ಲಿ ಇಡೀ ದ್ವೀಪ ನಿಂತು ಹಾಡಿತು.

ಚಿಕ್ಕಮ್ಮನ ಮನೆ ಆಕ್ಲೆಂಡಿನ ಗ್ರೇ ಲಿನ್‌ನ ಇಳಿಜಾರಿನಲ್ಲಿತ್ತು, ಮರದ ಮನೆ, ಎರಡೇ ಕೋಣೆ. ಅಲ್ಲಿ ಆಗಲೇ ಒಬ್ಬನಿದ್ದ. ಪಿಸಿಲಾಳ ಸೋದರಮಾವನ ಮಗ ಫೆಲೆತಿ, ಹದಿನಾರು ವರ್ಷದವನು. ನಮ್ಮ ಟೊಂಗಾದಲ್ಲಿ ಸೋದರಮಾವನ ಮಗನೆಂದರೆ ಅಣ್ಣನೇ, ಎರಡು ಮಾತಿಲ್ಲ. ಅಣ್ಣತಂಗಿ ದೊಡ್ಡವರಾದ ಮೇಲೆ ಒಂದೇ ಸೂರಿನಡಿ ಮಲಗುವುದಿಲ್ಲ, ಒಬ್ಬರ ಎದುರು ಒಬ್ಬರು ಪೋಲಿ ಮಾತು ಕೇಳಿಸಿಕೊಳ್ಳುವುದಿಲ್ಲ, ರೇಡಿಯೋದಲ್ಲಿ ಪ್ರೇಮದ ಹಾಡು ಬಂದರೆ ಇಬ್ಬರಲ್ಲೊಬ್ಬರು ಎದ್ದು ಹೋಗುತ್ತಾರೆ. ಪಿಸಿಲಾ ಬರುವ ಹಿಂದಿನ ದಿನವೇ ಫೆಲೆತಿ ತನ್ನ ಹಾಸಿಗೆ ಸುತ್ತಿಕೊಂಡು ಕಾರಿಲ್ಲದ ಗ್ಯಾರೇಜಿಗೆ ಹೋಗಿದ್ದ. ಊಟದ ತಟ್ಟೆಯೂ ಅಲ್ಲಿಗೇ.

“ನಿನ್ನಣ್ಣ ತಲೆಗಾರ ಕಣೇ. ವಿಜ್ಞಾನದಲ್ಲಿ ಇಡೀ ಕ್ಲಾಸಿಗೆ ಮೊದಲು,” ಎಂದಳು ಚಿಕ್ಕಮ್ಮ. “ಹಡಗಿನ ಎಂಜಿನಿಯರ್ ಆಗ್ತಾನಂತೆ. ನೀನೂ ಅದೇ ಕ್ಲಾಸು.”

ಅದೇ ಕ್ಲಾಸು ಎಂದಾಗ ಪಿಸಿಲಾಳ ಎದೆ ಧಸಕ್ಕೆಂದಿತು. ನುಕುಅಲೋಫಾದಲ್ಲಿ ಹುಡುಗಿಯರ ಶಾಲೆಯೇ ಬೇರೆ, ಇಂಥ ಪೇಚು ಬರುತ್ತಿರಲಿಲ್ಲ.

ಶಾಲೆಗೆ ಇಬ್ಬರೂ ಹೋಗುತ್ತಿದ್ದುದು ರಸ್ತೆಯ ಒಂದೊಂದು ಬದಿಯಲ್ಲಿ. ಫೆಲೆತಿ ಎಡಗಡೆ ಮೂವತ್ತು ಹೆಜ್ಜೆ ಮುಂದೆ, ಪಿಸಿಲಾ ಬಲಗಡೆ. ನಾಯಿ ಬೊಗಳಿದರೆ ಅವನು ನಿಂತು ಅದನ್ನು ಓಡಿಸಿ, ತಿರುಗಿ ನೋಡದೆ ಮತ್ತೆ ನಡೆಯುತ್ತಿದ್ದ. ತರಗತಿಯಲ್ಲಿ ಅವಳು ಮೊದಲ ಬೆಂಚು, ಅವನು ಕೊನೆಯದು.

ತಲೆನೋವಿನ ಶಾಲೆ ಅದು. ಮೊದಲ ದಿನ ಬೇಗ ಹೋದ ಪಿಸಿಲಾ ಮೂಲೆಯಲ್ಲಿದ್ದ ಪೊರಕೆ ತೆಗೆದು ತರಗತಿ ಗುಡಿಸಿದಳು. ಒಳಗೆ ಬಂದ ಹುಡುಗರು ಅವಳನ್ನು ಹೊಸ ಜಾಡಮಾಲಿ ಎಂದುಕೊಂಡರು. ಮೇಷ್ಟರ ಮುಂದೆ ಹಾದು ಹೋಗುವಾಗ ಅವಳು ಗೌರವಕ್ಕೆಂದು ಬೆನ್ನು ಬಗ್ಗಿಸಿದರೆ, “ಏನಾದರೂ ಬಿದ್ದಿದೆಯಾ?” ಎಂದು ಅವರೂ ನೆಲ ನೋಡುತ್ತಿದ್ದರು. ಅರ್ಥವಾಯಿತೇ ಎಂದು ಕೇಳಿದಾಗ ಹೌದೆನ್ನಲು ಹುಬ್ಬೆತ್ತಿದರೆ, ಉತ್ತರ ಬರಲಿಲ್ಲವೆಂದು ಮತ್ತೆ ಮತ್ತೆ ಕೇಳುತ್ತಿದ್ದರು. ಗಂಟೆಗೊಮ್ಮೆ ಚೀಲ ಎತ್ತಿಕೊಂಡು ಬೇರೆ ಕೋಣೆಗೆ ಓಡಬೇಕು. ಎಲ್ಲಕ್ಕಿಂತ ಕಷ್ಟದ್ದು, ಆ ಮೇಷ್ಟರುಗಳು “ನಿನಗೇನನ್ನಿಸುತ್ತೆ?” ಎಂದು ಕೇಳುತ್ತಿದ್ದರು. ಹದಿನೈದು ವರ್ಷದಲ್ಲಿ ಅವಳನ್ನು ಯಾರೂ ಹಾಗೆ ಕೇಳಿರಲಿಲ್ಲ. ಏನನ್ನಿಸುತ್ತದೆಂದು ಹುಡುಕಿ ಹುಡುಕಿ ಸಂಜೆಗೆ ತಲೆ ಸಿಡಿಯುತ್ತಿತ್ತು.

ಜೊತೆಗೆ ಕೂರುತ್ತಿದ್ದವಳು ಮಾರೀಕೆ, ಹಾಲೆಂಡಿನಿಂದ ಬಂದು ಮೂರು ವರ್ಷವಾಗಿದ್ದ ಉದ್ದ ಕಾಲಿನ ಹುಡುಗಿ. ಮಧ್ಯಾಹ್ನ ಹುಲ್ಲಿನ ಮೇಲೆ ಕೂತು ಇವಳು ತಣ್ಣಗಿನ ಕೆಸುವಿನಗಡ್ಡೆ, ಅವಳು ಚೀಸು ಬ್ರೆಡ್ಡು ಬಿಚ್ಚುತ್ತಿದ್ದರು.

“ನಮ್ಮೂರಲ್ಲಿ ಯೂನಿಫಾರ್ಮೇ ಇಲ್ಲ ಕಣೆ,” ಎಂದಳು ಮಾರೀಕೆ. “ಎಲ್ಲರೂ ಸೈಕಲ್ಲು. ಮಳೇಲೂ ಸೈಕಲ್ಲು. ಒಂದ್ಸಲ ಫೇಲಾದ್ರೆ ಅದೇ ಕ್ಲಾಸಲ್ಲಿ ಕೂರು. ನಮ್ಮಣ್ಣ ಎರಡು ಸಲ ಕೂತ.”

“ನಮ್ಮಲ್ಲಿ ಫೇಲಾದ್ರೆ ಊರೆಲ್ಲ ಕೂರುತ್ತೆ.”

“ಅಂದ್ರೆ?”

“ನನ್ನನ್ನ ಕಳಿಸಿದ್ದು ನಮ್ಮಪ್ಪ ಅಲ್ಲ, ಊರು. ನಾನು ಫೇಲಾದ್ರೆ ಊರು ಫೇಲು.”

“ಅಬ್ಬಾ! ನಂದು ವಾಸಿಯಪ್ಪ,” ಎಂದು ಮಾರೀಕೆ ಅರ್ಧ ಬ್ರೆಡ್ಡು ಮುರಿದು ಅವಳ ಕೈಗಿಟ್ಟಳು. “ತಗೋ, ಊರಿನ ಪಾಲು.”

ನಿಧಾನವಾಗಿ ಪಿಸಿಲಾಗೆ ಆ ಶಾಲೆಯ ರುಚಿ ಹತ್ತಿತು. ಡನ್‌ಸ್ಟನ್ ಎಂಬ ವಿಜ್ಞಾನದ ಮೇಷ್ಟರು ಒಂದು ದಿನ ತಟ್ಟೆಯಲ್ಲಿ ನಿಜವಾದ ಕಪ್ಪೆ ತಂದಿಟ್ಟರು. ಕೊಯ್ದು ನೋಡಿದರೆ ಹೃದಯಕ್ಕೆ ಕೋಣೆ ಮೂರು. ತಾನು ಹಾಡುತ್ತಿದ್ದುದು ನಿಜವೆಂದು ಕಣ್ಣಾರೆ ಕಂಡ ಆ ಗಳಿಗೆಯನ್ನು ಟೀಚರು ಇಂದಿಗೂ ನೆನೆಯುತ್ತಾರೆ.

ಆಗಸ್ಟಿನ ಮೊದಲ ಸೋಮವಾರ ಡನ್‌ಸ್ಟನ್ ಮೇಷ್ಟರು ಗೋಡೆಗೆ ಹೊಸ ಚಿತ್ರಪಟ ನೇತುಹಾಕಿದರು. ಗಂಡುದೇಹ ಒಂದು, ಹೆಣ್ಣುದೇಹ ಒಂದು, ಮರೆಮಾಚದೆ. ಮನುಷ್ಯರಲ್ಲಿ ಮಗು ಹುಟ್ಟುವ ಪಾಠ, ಎರಡು ವಾರದ್ದು. ಬೇರೆ ಹುಡುಗಿಯರು ಕಿಸಕ್ಕೆಂದರು. ಪಿಸಿಲಾಗೆ ಕಾಣಿಸಿದ್ದು ಚಿತ್ರವಲ್ಲ. ತನ್ನ ಬೆನ್ನ ಹಿಂದೆ ಅಣ್ಣ ಅದೇ ಚಿತ್ರ ನೋಡುತ್ತಿದ್ದಾನೆಂಬುದು. ಮೈಯೆಲ್ಲ ಕೆಂಡವಾಯಿತು. ಎದ್ದಳು, ಬೆನ್ನು ಬಗ್ಗಿಸಿ ಮೇಷ್ಟರ ಮುಂದೆ ಹಾದು ಹೊರಗೆ ಹೋದಳು. ಹಿಂದೆ ಇನ್ನೊಂದು ಬೆಂಚು ಸರಿದ ಸದ್ದೂ ಕೇಳಿತು. ಫೆಲೆತಿಯೂ ಏಳಹೊರಟಿದ್ದ, ಅವಳು ಹೋದಳೆಂದು ಮತ್ತೆ ಕೂತ.

ಬುಧವಾರವೂ ಹಾಗೇ ಆಯಿತು. ಶುಕ್ರವಾರ ಮೇಷ್ಟರು ಬಾಗಿಲಲ್ಲಿ ತಡೆದರು.

“ಪಿಸಿಲಾ, ಎಲ್ಲಿಗೆ ಹೊರಟೆ? ಹುಷಾರಿಲ್ವಾ?”

ಅವಳು ತಲೆ ತಗ್ಗಿಸಿ ನಕ್ಕಳು. ನಾಚಿಕೆ ಮಿತಿ ಮೀರಿದರೆ ನಮ್ಮವರಿಗೆ ಬರುವುದು ನಗುವೇ.

“ನನ್ನ ಪಾಠ ನಿನಗೆ ನಗೆಪಾಟಲಾ?”

ಕಾರಣ ಹೇಳುವುದೆಂದರೆ ಅಣ್ಣನ ಹೆಸರನ್ನು ಆ ಚಿತ್ರದ ಪಕ್ಕ ಇಡಬೇಕು. ಅದನ್ನು ಬಾಯಿ ಬಿಟ್ಟು ಹೇಳುವುದಕ್ಕಿಂತ ಹೊರಗೆ ಹೋಗುವುದು ಸುಲಭವಾಗಿತ್ತು. ಹೋದಳು. ಸೋಮವಾರವೂ ಹೋದಳು; ಅಂದು ಸಂಜೆ ಮನೆಗೆ ಮುಖ್ಯೋಪಾಧ್ಯಾಯಿನಿಯ ಕಾಗದ ಬಂತು: ಇನ್ನೊಂದು ಸಲ ವಿಜ್ಞಾನದ ತರಗತಿ ಬಿಟ್ಟರೆ ಪರೀಕ್ಷೆಯ ಪಟ್ಟಿಯಿಂದ ಹೆಸರು ತೆಗೆಯಲಾಗುವುದು.

ಲೆಸಿಯೇಲಿ ಕಾಗದ ಓದಿ, ಪಿಸಿಲಾಳ ಮುಖ ನೋಡಿ, ಒಂದು ಪ್ರಶ್ನೆಯನ್ನೂ ಕೇಳದೆ ಎಲ್ಲ ತಿಳಿದುಕೊಂಡಳು.

“ಥೂ! ಅಣ್ಣತಂಗೀನ ಒಂದೇ ಕೋಣೇಲಿ ಕೂರಿಸಿಕೊಂಡು ಅಂಥ ಪಾಠ ಮಾಡ್ತಾರಾ? ಇವರಿಗೆ ಅಣ್ಣತಮ್ಮಂದಿರೇ ಇಲ್ವಾ?”

“ಅವರಿಗೆ ಗೊತ್ತಿಲ್ಲ ಚಿಕ್ಕಮ್ಮ. ನೀನು ಬಂದು ಹೇಳ್ತೀಯಾ?”

“ಹೇಳೋದಾ? ಆ ಮಾತು ನನ್ನ ಬಾಯಲ್ಲಿ ಬರುತ್ತೇನೆ? ಬೇಡ. ತಪ್ಪಾಯ್ತು ಅಂತ ಕೇಳಿಕೊಳ್ಳೋಣ. ತಪ್ಪು ಒಪ್ಪಿಕೊಂಡ ಮೇಲೆ ಕಾರಣ ಯಾರು ಕೇಳ್ತಾರೆ?”

ಮಾರನೆಯ ದಿನ ಲೆಸಿಯೇಲಿ ಕೆಲಸಕ್ಕೆ ರಜೆ ಹಾಕಿದಳು. ಮನೆಯಲ್ಲಿದ್ದ ಅತ್ಯಂತ ಹಳೆಯ, ಅಂಚು ಹರಿದ ದೊಡ್ಡ ಚಾಪೆಯನ್ನು ನಡುವಿಗೆ ಸುತ್ತಿಕೊಂಡಳು. ನಮ್ಮಲ್ಲಿ ದೊಡ್ಡವರೆದುರು ಹೋಗುವಾಗ ನಡುವಿಗೆ ಚಾಪೆ ಉಡಬೇಕು; ಕ್ಷಮೆ ಬೇಡುವವರು ಹೊಸದು ಉಡುವುದಿಲ್ಲ. ತನ್ನ ಮದುವೆಗೆ ತಾಯಿ ಕೊಟ್ಟಿದ್ದ ನುಣುಪಾದ ಚಾಪೆಯೊಂದನ್ನು ಮಡಿಸಿ ಕಂಕುಳಿಗಿಟ್ಟುಕೊಂಡಳು. ಒಂದು ಬುಟ್ಟಿ ತುಂಬ ಕೆಸುವಿನೆಲೆಯಲ್ಲಿ ಸುತ್ತಿ ತೆಂಗಿನಹಾಲಿನಲ್ಲಿ ಬೇಯಿಸಿದ ಮಾಂಸ. ಬಸ್ಸಿನವರೆಲ್ಲ ಆ ಪರಿಮಳಕ್ಕೆ ತಿರುಗಿ ತಿರುಗಿ ನೋಡಿದರು.

ಮುಖ್ಯೋಪಾಧ್ಯಾಯಿನಿ ಮಿಸ್ ವಿಟ್‌ಕಮ್ ಕುರ್ಚಿ ತೋರಿಸಿದರು. ಲೆಸಿಯೇಲಿ ಕೂರಲಿಲ್ಲ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ತಲೆ ಬಗ್ಗಿಸಿ ಕೂತು, ಚಾಪೆ, ಬುಟ್ಟಿ ಮುಂದಕ್ಕೆ ಸರಿಸಿ, ಟೊಂಗನ್ನಿನಲ್ಲಿ ಮಾತು ಶುರುಮಾಡಿದಳು. ಹಿಂದೆ ಕೂತ ಪಿಸಿಲಾ ಅನುವಾದಿಸಬೇಕಿತ್ತು, ಆದರೆ ಅವಳೂ ತಲೆ ಬಗ್ಗಿಸಿದ್ದಳು.

“ಅಯ್ಯೋ, ದಯವಿಟ್ಟು ಮೇಲೇಳಿ,” ಎಂದರು ಮಿಸ್ ವಿಟ್‌ಕಮ್, ಮುಖ ಕೆಂಪಾಗಿ. “ಇವರು ಏನು ಹೇಳ್ತಿದ್ದಾರೆ ಪಿಸಿಲಾ?”

“ತಪ್ಪಾಯ್ತು ಅಂತ, ಮಿಸ್.”

“ಅಂದ್ರೆ ಬೇಕೂಂತ್ಲೇ ಎದ್ದು ಹೋದೆಯಾ?”

ಪಿಸಿಲಾ ಹುಬ್ಬೆತ್ತಿದಳು. ಸುಳ್ಳು ಹೇಳಲು ಬರುತ್ತಿರಲಿಲ್ಲ.

“ನೋಡಿ, ನಿಮ್ಮ ಒಳ್ಳೇತನಕ್ಕೆ ಸಂತೋಷ. ಆದ್ರೆ ನಾವು ಮನೆಯವರಿಂದ ಏನೂ ತಗೊಳ್ಳೋ ಹಾಗಿಲ್ಲ. ತಗೊಂಡ್ರೆ ನಾಳೆ ಬೇರೆಯವರು ಏನಂತಾರೆ? ದಯವಿಟ್ಟು ವಾಪಸ್ ಒಯ್ಯಿರಿ.” ಮಿಸ್ ವಿಟ್‌ಕಮ್ ಕೆಟ್ಟವರಲ್ಲ. ಬಗ್ಗಿ, ಎರಡೂ ಕೈಯಲ್ಲಿ ಚಾಪೆಯೆತ್ತಿ, ಮೆಲ್ಲಗೆ ಲೆಸಿಯೇಲಿಯ ತೊಡೆಯ ಮೇಲಿಟ್ಟರು.

ನಮ್ಮಲ್ಲಿ ಕೊಲೆ ಮಾಡಿದವನ ಕಡೆಯವರು ಬಂದು ನೆಲಕ್ಕೆ ಕೂತರೂ ಚಾಪೆಯನ್ನು ಹಿಂದಿರುಗಿಸುವುದಿಲ್ಲ. ಹಿಂದಿರುಗಿಸಿದರೆ ಕ್ಷಮೆ ಇಲ್ಲ, ಎಂದೆಂದಿಗೂ ಇಲ್ಲ ಎಂದೇ ಅರ್ಥ. ಬಸ್ಸಿನಲ್ಲಿ ಬುಟ್ಟಿ ತಣ್ಣಗಾಗುತ್ತಿತ್ತು. ಲೆಸಿಯೇಲಿ ಕಿಟಕಿ ಕಡೆ ಮುಖ ಮಾಡಿ ಒಂದೇ ಮಾತು ಹೇಳಿದಳು:

“ಪೆಟ್ಟಿಗೆ ಕಟ್ಟು ಮಗಳೇ. ಆಯ್ತು ಇಲ್ಲಿಗೆ.”

ಮನೆಗೆ ಬಂದು ಪಿಸಿಲಾ ಪೆಟ್ಟಿಗೆ ತೆಗೆದಳು. ಮೂರು ಲಂಗ, ಎರಡು ಪುಸ್ತಕ, ಬೈಬಲ್ಲು. ಅಂಗಳದಲ್ಲಿ ಚಿಕ್ಕಮ್ಮ ಗ್ಯಾರೇಜಿನ ಬಾಗಿಲಿಗೆ ನಿಂತು ಫೆಲೆತಿಗೆ ನಡೆದದ್ದನ್ನೆಲ್ಲ ಹೇಳುವುದು ಕಿಟಕಿಯಿಂದ ಕೇಳಿಸಿತು.

“ಅತ್ತೆ, ಚಾಪೆ ವಾಪಸ್ ಕೊಟ್ರಾ?”

“ತೊಡೆ ಮೇಲಿಟ್ರು ಕಣಪ್ಪ.”

“ನಾಳೆ ಅವಳು ಹೋಗ್ಲಿ ಸ್ಕೂಲಿಗೆ. ಪೆಟ್ಟಿಗೆ ಕಟ್ಟಬೇಡ ಅನ್ನಿ.”

“ಹೋಗಿ ಏನು ಮಾಡ್ತಾಳೋ? ಆ ಪಟ ಅಲ್ಲೇ ನೇತಾಡ್ತಿರತ್ತೆ.”

“ಹೋಗ್ಲಿ ಅಂದೆನಲ್ಲ.”

ಬೆಳಗ್ಗೆ ರಸ್ತೆಯ ಎಡಗಡೆ ಯಾರೂ ಇರಲಿಲ್ಲ. ಫೆಲೆತಿ ಆಗಲೇ ಹೋಗಿದ್ದ. ವಿಜ್ಞಾನದ ಕೋಣೆಯಲ್ಲಿ ಪಿಸಿಲಾ ಬೆಂಚಿನ ತುದಿಯಲ್ಲಿ ಕೂತಳು, ಏಳಲು ಅನುಕೂಲವಾಗಲೆಂದು. ಮೇಷ್ಟರು ಹಾಜರಿ ಕರೆದರು. ಫೆಲೆತಿಯ ಹೆಸರು ಬಂದಾಗ ನಿಂತು ಅದರ ಮೇಲೆ ಗೆರೆ ಎಳೆದರು.

“ಫೆಲೆತಿ ಇವತ್ತಿನಿಂದ ಮರಗೆಲಸದ ಕ್ಲಾಸಿಗೆ ಹೋಗಿದ್ದಾನೆ,” ಎಂದರು, ನೊಂದ ದನಿಯಲ್ಲಿ. “ಯಾಕೋ ಅಂದ್ರೆ, ಮರ ಅಂದ್ರೆ ಇಷ್ಟ ಅಂದ. ಎಂಥ ಹುಡುಗ!”

ಮರಗೆಲಸದ ಕ್ಲಾಸೆಂದರೆ ಕೊನೆಯ ವರ್ಗ. ಅಲ್ಲಿಂದ ವಿಜ್ಞಾನದ ಪರೀಕ್ಷೆಗೆ ದಾರಿಯಿಲ್ಲ, ಹಡಗಿನ ಎಂಜಿನಿಯರಾಗುವುದಕ್ಕೂ ಇಲ್ಲ. ಪಿಸಿಲಾ ಹಿಂದಿರುಗಿ ನೋಡಲಿಲ್ಲ. ಅಳಲೂ ಇಲ್ಲ. ಪಟದ ಹೆಸರುಗಳನ್ನೆಲ್ಲ ಒಂದೂ ಬಿಡದೆ ಬರೆದುಕೊಂಡಳು. ಪಾಠ ಮುಗಿದಾಗ ಮೇಷ್ಟರು ಅವಳ ಬೆಂಚಿನ ಹತ್ತಿರ ಬಂದು, “ಒಂದು ಕಾಗದ ಬಂದ ಮೇಲೆ ಬುದ್ಧಿ ಬಂತು ನೋಡು,” ಎಂದು ನಕ್ಕರು. ಅವಳು ಹುಬ್ಬೆತ್ತಿದಳು.

ಅಣ್ಣ ತಂಗಿಗಾಗಿ ಮಾಡಿದ್ದಕ್ಕೆ ನಮ್ಮಲ್ಲಿ ಉಪಕಾರ ಹೇಳುವ ರೂಢಿಯಿಲ್ಲ. ತಂಗಿ ಮೇಲು, ಅಣ್ಣ ಮಾಡಲೇಬೇಕು. ಆದರೆ ಹುಡುಗನೊಬ್ಬನ ಬಾಳಿನ ಆಸೆಯನ್ನು ರೂಢಿಯ ಲೆಕ್ಕಕ್ಕೆ ಹಾಕಲು ಪಿಸಿಲಾಗೆ ಮನಸ್ಸು ಬರಲಿಲ್ಲ. ಅಂದಿನಿಂದ ಅವಳು ವಿಜ್ಞಾನದ ಪ್ರತಿ ಪಾಠವನ್ನೂ ಎರಡು ಪುಸ್ತಕದಲ್ಲಿ ಬರೆದಳು. ಎರಡನೆಯದು ಚಿಕ್ಕಮ್ಮನ ಕೈಗೆ.

“ಯಾರಿಗೇ ಇದು?”

“ಯಾರಿಗೂ ಇಲ್ಲ. ಗ್ಯಾರೇಜಲ್ಲಿ ಇಟ್ಟುಬಿಡು.”

“ಅವನು ಕೇಳಿದ್ರೆ?”

“ಕೇಳಲ್ಲ.”

ಕೇಳಲಿಲ್ಲ. ಮೂರು ದಿನಕ್ಕೊಮ್ಮೆ ಪುಸ್ತಕ ಅಡಿಗೆಮನೆಯ ಕಪಾಟಿಗೆ ಹಿಂದಿರುಗುತ್ತಿತ್ತು. ಅವಳು ತಪ್ಪು ಬರೆದ ಕಡೆ ಪೆನ್ಸಿಲಿನಲ್ಲಿ ಸಣ್ಣ ಅಡ್ಡಗೆರೆ ಇರುತ್ತಿತ್ತು. ಆ ಅಡ್ಡಗೆರೆಗಳನ್ನು ನೋಡಿ ತಿದ್ದಿಕೊಂಡೇ ಅವಳು ಓದಿದಳು. ನವೆಂಬರಿನಲ್ಲಿ ಪರೀಕ್ಷೆ ಬರೆದಳು. ಜನವರಿಯಲ್ಲಿ ಲಕೋಟೆ ಬಂತು. ವಿಜ್ಞಾನದಲ್ಲಿ ಅರವತ್ತೊಂದು. ಲೆಸಿಯೇಲಿ ಅಂಗಳಕ್ಕೆ ಓಡಿ, ಒಬ್ಬಳೇ ಕೈ ತಿರುವಿ ಕುಣಿದು, ಪಕ್ಕದ ಮನೆಯ ಬಿಳಿ ಮುದುಕನಿಂದಲೂ ಚಪ್ಪಾಳೆ ತಟ್ಟಿಸಿದಳು. ಗ್ಯಾರೇಜಿನೊಳಗೆ ಕೊಡತಿಯ ಸದ್ದು ಒಂದು ಗಳಿಗೆ ನಿಂತು, ಮತ್ತೆ ಶುರುವಾಯಿತು.

ಊರಿಗೆ ಹೊರಟ ದಿನ ಪೆಟ್ಟಿಗೆ ಹೊತ್ತು ಹಡಗುಕಟ್ಟೆಗೆ ಮುಂದೆ ನಡೆದವನು ಅವನೇ. ಪೆಟ್ಟಿಗೆಯಿಳಿಸಿ ಜನರ ಹಿಂದೆ ಹೋಗಿ ನಿಂತ.

“ಅವನಿಗೆ ಏನಾದ್ರೂ ಹೇಳೋದಿದೆಯೇನೇ? ನಾನು ಹೇಳ್ತೀನಿ,” ಎಂದಳು ಚಿಕ್ಕಮ್ಮ.

ಪಿಸಿಲಾ ಯೋಚಿಸಿದಳು. ಬಾಯಿಗೆ ಬಂದದ್ದು ಇಷ್ಟೇ: “ಕೊನೇ ಪುಸ್ತಕದಲ್ಲಿ ಬೆಳಕಿನ ಪಾಠ ಅರ್ಧಕ್ಕೇ ನಿಂತಿದೆ. ಮಾರೀಕೆ ಹತ್ರ ಇಸ್ಕೊಳ್ಳೋಕೆ ಹೇಳು.”

ಅವನು ಇಸಿದುಕೊಂಡನೋ ಇಲ್ಲವೋ, ಅವಳಿಗೆ ತಿಳಿಯಲಿಲ್ಲ. ಅವನು ಆಕ್ಲೆಂಡಿನಲ್ಲಿ ಮನೆ ಕಟ್ಟುವ ಬಡಗಿಯಾದ, ಒಳ್ಳೆಯ ಹೆಸರು ಮಾಡಿದ. ಪಿಸಿಲಾ ತರಬೇತಿ ಮುಗಿಸಿ ಉಇಹಾದ ಹೈಸ್ಕೂಲಿಗೆ ಬಂದಳು. ಸಣ್ಣ ದ್ವೀಪ, ಒಂದು ತರಗತಿಯಲ್ಲಿ ಇಪ್ಪತ್ತೇಳು ಮಕ್ಕಳಿದ್ದರೆ ಇಪ್ಪತ್ತೇಳೂ ಒಂದಲ್ಲ ಒಂದು ಬಗೆಯಲ್ಲಿ ಅಣ್ಣತಂಗಿಯರೇ. ಮಗು ಹುಟ್ಟುವ ಆ ಪಾಠ ಬಂದಾಗ ಪಿಸಿಲಾ ಟೀಚರು ಹುಡುಗರನ್ನು ತೋಟಕ್ಕೆ ಕಳಿಸಿ ಹುಡುಗಿಯರಿಗೆ ಹೇಳಿಕೊಡುತ್ತಿದ್ದರು. ಮಾರನೆಯ ದಿನ ಹುಡುಗಿಯರು ತೋಟಕ್ಕೆ, ಹುಡುಗರಿಗೆ ದವಾಖಾನೆಯ ಕಾಂಪೌಂಡರು. ತಪಾಸಣೆಗೆ ಬಂದ ಇನ್‌ಸ್ಪೆಕ್ಟರು ಮೂಗು ಮುರಿದರು.

“ಒಂದು ದಿನದ ಪಾಠಕ್ಕೆ ಎರಡು ದಿನ ದಂಡ ಮಾಡ್ತೀರಲ್ಲಮ್ಮ?”

“ದಿನ ಹೋದ್ರೆ ಹೋಗ್ಲಿ ಸರ್. ಮಕ್ಕಳು ಹೋಗ್ಬಾರ್ದು.”

ಎಂಬತ್ತೆರಡರ ಬಿರುಗಾಳಿ ಶಾಲೆಯ ಸೂರನ್ನು ಸಮುದ್ರಕ್ಕೆ ಎಸೆಯಿತು. ಆಕ್ಲೆಂಡಿನ ಊರವರು ಮರಮುಟ್ಟು ಕಳಿಸಿದರು, ಅದರ ಜೊತೆ ಬಡಗಿಗಳೂ ಬಂದರು. ಮುಂದಾಳು ಫೆಲೆತಿ. ಏಳು ವಾರ ಅವನು ಶಾಲೆಯ ಒಂದು ತುದಿಯಲ್ಲಿ ಕಟ್ಟುತ್ತಿದ್ದರೆ, ಟೀಚರು ಇನ್ನೊಂದು ತುದಿಯಲ್ಲಿ ಟೆಂಟಿನಲ್ಲಿ ಪಾಠ ಮಾಡುತ್ತಿದ್ದರು. ಮಾತಿಲ್ಲ. ಮಧ್ಯಾಹ್ನ ಅವನ ಊಟದ ಬುಟ್ಟಿ ಮಾತ್ರ ಟೀಚರ ಮನೆಯಿಂದಲೇ ಹೋಗುತ್ತಿತ್ತು.

ಕಟ್ಟಡ ಮುಗಿದಾಗ ಚರ್ಚಿನ ಹಿರಿಯರು ನಕ್ಷೆ ಹಿಡಿದು ನೋಡಲು ಬಂದರು. ನಕ್ಷೆಯಲ್ಲಿ ವಿಜ್ಞಾನಕ್ಕೆ ಒಂದು ಉದ್ದ ಕೋಣೆ. ಕಟ್ಟಿದ್ದು ಎರಡು; ನಡುವೆ ದಪ್ಪ ಹಲಗೆಯ ಗೋಡೆ, ಎರಡಕ್ಕೂ ಬೇರೆ ಬೇರೆ ಬಾಗಿಲು, ಒಂದು ಸಮುದ್ರದ ಕಡೆಗೆ, ಒಂದು ತೋಟದ ಕಡೆಗೆ.

“ಇದೇನೋ ಫೆಲೆತಿ? ಗೋಡೆ ಯಾರು ಹಾಕು ಅಂದ್ರು?”

“ಹಲಗೆ ಮಿಕ್ಕಿತ್ತು,” ಎಂದ ಫೆಲೆತಿ, ಉಳಿ ಒರೆಸುತ್ತ.

ದೂರದಲ್ಲಿ ಮಕ್ಕಳ ನಡುವೆ ನಿಂತಿದ್ದ ಟೀಚರು ಮುಖವನ್ನು ಆಚೆ ತಿರುಗಿಸಿದರು. ಆ ವರ್ಷದಿಂದ ಯಾರೂ ತೋಟಕ್ಕೆ ಹೋಗಬೇಕಾಗಲಿಲ್ಲ. ಈಚೆ ಹುಡುಗಿಯರಿಗೆ ಟೀಚರು, ಆಚೆ ಹುಡುಗರಿಗೆ ಕಾಂಪೌಂಡರು, ಒಂದೇ ಗಂಟೆಗೆ. ಮೊದಲ ದಿನ ಆಚೆಯಿಂದ ಹುಡುಗರ ಗೊಳ್ಳೆಂಬ ನಗು ಕೇಳಿತು. ಈಚೆಯ ಹುಡುಗಿಯರು ಏನೂ ಕೇಳಿಸದವರಂತೆ ತಲೆ ತಗ್ಗಿಸಿ ಬರೆಯುತ್ತಲೇ ಇದ್ದರು.